ಸತ್ತ ಇಲಿಯಲ್ಲ, ಕೇನೆಯ ಹೂ



ನಿಮಗೆ ಗೊತ್ತಿರುವ ಹೂಗಳ ಹೆಸರು ಹೇಳಿ ಅಂದರೆ ಮಲ್ಲಿಗೆ, ಸೇವಂತಿಗೆ, ದಾಸವಾಳ ಅನ್ನುತ್ತೀರಿ. ಕೇನೆಯ ಹೂ ಅಂತ ಹೇಳುವವರು ಕಡಿಮೆ. ಕೇನೆ ಅಂದರೆ ಸುವರ್ಣಗಡ್ಡೆ. ಮಲಯಾಳದವರು ಚೇನ ಅನ್ನುತ್ತಾರೆ. ಪಲ್ಯ ಮಾಡಿ ತಿಂದವರು ಬೇಕಾದಷ್ಟು ಜನ. ಅದರ ಹೂ ನೋಡಿದವರು ಎಷ್ಟು?

ನಾನು ಚಿಕ್ಕವನಿದ್ದಾಗ ಒಂದು ಸಂಜೆ ಹಿತ್ತಿಲಿನಿಂದ ಕೊಳೆತ ವಾಸನೆ ಬಂತು. ಇಲಿ ಸತ್ತಿರಬೇಕು ಎಂದು ಅಮ್ಮ ಸೌದೆ ರಾಶಿಯನ್ನೆಲ್ಲ ಎತ್ತಿ ನೋಡಿದರು. ಇಲಿ ಇಲ್ಲ. ಬೇಲಿ ಬದಿಯಲ್ಲಿ, ಎಲೆ ಇಲ್ಲ ಕಾಂಡ ಇಲ್ಲ, ನೆಲದಿಂದಲೇ ಕಪ್ಪು ಕೆಂಪಿನ ದೊಡ್ಡ ಹೂ ಎದ್ದಿತ್ತು! ಅಪಶಕುನ ಅಂತ ಅಪ್ಪ ಕತ್ತಿ ತಂದು ಕಡಿದು ಬಿಸಾಡಿದರು. ಯಾರಿಗೂ ಅದೇನೆಂದು ಗೊತ್ತಿರಲಿಲ್ಲ ಮಾರಾಯ್ರೇ. ಅದೇ ಜಾಗದ ಕೇನೆಯನ್ನು ನಾವು ಹಿಂದಿನ ವರ್ಷ ಸಾಂಬಾರು ಮಾಡಿ ತಿಂದಿದ್ದೆವು.

ಗಡ್ಡೆ ಕೆಲವು ವರ್ಷ ನೆಲದಲ್ಲಿ ಉಳಿದು ಚೆನ್ನಾಗಿ ದಪ್ಪವಾದರೆ ಹೂ ಬಿಡ್ತದೆ. ಬೇಸಿಗೆಯ ಕೊನೆಗೆ ನಾಲ್ಕು ಹನಿ ಮಳೆ ಬಿದ್ದಾಗ, ಎಲೆಗಿಂತ ಮೊದಲು ಹೂವೇ ಬರ್ತದೆ. ಹೊರಗೆ ಬಾಳೆಯ ಪೂಂಬೆಯ ಬಣ್ಣದ ಒಂದು ಹೊದಿಕೆ. ನಡುವೆ ಒಂದು ದಿಂಡು. ದಿಂಡಿನ ತುದಿಯಲ್ಲಿ ಸುಕ್ಕುಗಟ್ಟಿದ ದೊಡ್ಡ ಗುಂಡು. ನಿಜವಾದ ಹೂಗಳು ಅದರ ಕೆಳಗೆ ಉಂಟು. ಅವು ಬಹಳ ಸಣ್ಣವು. ಬುಡದಲ್ಲಿ ಹೆಣ್ಣು ಹೂ, ಅದರ ಮೇಲೆ ಗಂಡು ಹೂ.

ಅಡಕೆಯ ಹಿಂಗಾರ ನೋಡಿದ್ದೀರಲ್ಲ? ಅದರಲ್ಲಿ ಗಂಡು ಹೂ ಮೊದಲು ಅರಳ್ತದೆ. ಕೇನೆಯಲ್ಲಿ ಉಲ್ಟಾ, ಹೆಣ್ಣು ಮೊದಲು. ಆ ಹೊತ್ತಿಗೆ ತುದಿಯ ಗುಂಡು ಬೆಚ್ಚಗಾಗ್ತದೆ. ಬಿಸಿಗೆ ವಾಸನೆ ದೂರ ಹರಡ್ತದೆ. ಕೊಳೆತ ಮಾಂಸ ಸಿಕ್ಕಿತು ಎಂದು ಚಿಕ್ಕ ದುಂಬಿಗಳು ಓಡಿ ಬರುತ್ತವೆ. ಇಲ್ಲಿ ಮಾಂಸವೂ ಇಲ್ಲ, ಮೊಟ್ಟೆಯಿಡಲು ಜಾಗವೂ ಇಲ್ಲ. ಪಾಪ, ಮೋಸ ಹೋದವು! ಆದರೆ ಅವುಗಳ ಮೈಗೆ ಬೇರೆ ಕೇನೆ ಹೂವಿನ ಪರಾಗ, ಅಂದರೆ ಹೂವಿನ ಹುಡಿ ಅಂಟಿದ್ದರೆ, ಅದು ಹೆಣ್ಣು ಹೂವಿಗೆ ತಾಗ್ತದೆ.

ಸುಮಾರು ಒಂದು ದಿನ ಕಳೆದ ಮೇಲೆ ಗಂಡು ಹೂ ಹುಡಿ ಉದುರಿಸ್ತದೆ. ಅಷ್ಟು ಹೊತ್ತಿಗೆ ಅದೇ ದಿಂಡಿನ ಹೆಣ್ಣು ಹೂವಿನ ಸಮಯ ಮುಗಿದಿರ್ತದೆ. ಹುಡಿ ಮೆತ್ತಿಕೊಂಡ ದುಂಬಿ ಇನ್ನೊಂದು ಹಿತ್ತಿಲಿನ ಹೊಸ ಹೂವಿಗೆ ಹೋಗಬೇಕು. ಹತ್ತಿರದಲ್ಲಿ ಎಲ್ಲೂ ಬೇರೆ ಹೂ ಇಲ್ಲದಿದ್ದರೆ ಕಾಯಿ ಕಟ್ಟುವುದು ಕಷ್ಟ.

ಕಾಯಿ ಕಟ್ಟಿದರೆ ಮೇಲಿನ ಗುಂಡು, ಹೊದಿಕೆ ಕೊಳೆತು ಬೀಳುತ್ತವೆ. ದಿಂಡು ಉದ್ದವಾಗ್ತದೆ. ಅದರ ತುಂಬ ಹಸಿರು ಕಾಯಿ, ಆಮೇಲೆ ಕೆಂಪು ಹಣ್ಣು. ನೋಡಲು ಚಂದ, ಆದರೆ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಹಸಿ ಗಡ್ಡೆಯ ಹಾಗೆ ಬಾಯಿ, ಗಂಟಲು ತುರಿಸಿ ಉರಿಯುತ್ತದೆ.

ಬರುವ ಬೇಸಿಗೆಯಲ್ಲಿ ನಿಮ್ಮ ಹಿತ್ತಿಲಲ್ಲಿ ಅಂಥ ಹೂ ಎದ್ದರೆ ಕತ್ತಿ ತರಬೇಡಿ. ಎರಡೇ ದಿನ ಮೂಗು ಮುಚ್ಚಿಕೊಳ್ಳಿ. ಈಗ ನಿಮಗೆ ಬರೆಯಲು ಬರ್ತದಲ್ಲ, ಪುಸ್ತಕದಲ್ಲಿ ತಾರೀಕು ಹಾಕಿ. ಮೊಗ್ಗು ಕಂಡದ್ದು ಯಾವಾಗ, ವಾಸನೆ ಬಂದದ್ದು ಯಾವಾಗ, ಹುಡಿ ಉದುರಿದ್ದು ಯಾವಾಗ ಎಂದು ಬರೆಯಿರಿ. ತಪ್ಪಾದರೂ ಅಡ್ಡಿ ಇಲ್ಲ, ತರಗತಿಗೆ ತನ್ನಿ. ಒಟ್ಟಿಗೆ ಓದೋಣ.