ಮರಗೆಣಸಿನ ರೊಟ್ಟಿಯ ನಾಡು



ಇವತ್ತು ಪಾಠ ಬೇಡ. ಗೋಡೆಯ ನಕ್ಷೆಯಲ್ಲೇ ಒಂದು ಪ್ರಯಾಣ ಹೋಗೋಣ. ಇದು ದಕ್ಷಿಣ ಅಮೆರಿಕ. ಮೇಲುಗಡೆ, ಸಮುದ್ರದ ದಂಡೆಯಲ್ಲಿ, ಸಾಲಾಗಿ ಮೂರು ನಾಡುಗಳಿವೆ. ಓದಿ ನೋಡಿ: ಗಯಾನಾ, ಸುರಿನಾಮ್, ಫ್ರೆಂಚ್ ಗಯಾನಾ. ಮೂರರಲ್ಲೂ ದಟ್ಟ ಮಳೆಕಾಡು. ಬಸ್ಸಿನಲ್ಲಿ ಹೋಗಬೇಕು. ದೊಡ್ಡ ಹೊಳೆ ಬಂದರೆ ಇಳಿದು ದೋಣಿ ಹತ್ತಬೇಕು.

ಮೊದಲು ಗಯಾನಾ. ಅಲ್ಲಿಯ ಕಾಡಿನೊಳಗೆ ಕೈಯೆಟೂರ್ ಜಲಪಾತವಿದೆ. ನಮ್ಮ ಜೋಗ 830 ಅಡಿ. ಇದು 741 ಅಡಿ. ಎತ್ತರದಲ್ಲಿ ನಮ್ಮದೇ ಮೇಲು! ಆದರೆ ಜೋಗದ ಹಾಗೆ ನಾಲ್ಕು ಕವಲಿಲ್ಲ. ಇಡೀ ಹೊಳೆ ಒಟ್ಟಿಗೇ ಧುಮುಕುತ್ತದೆ. ಅಲ್ಲಿಯ ಮೂಲನಿವಾಸಿಗಳು ಪಟಮೋನಾ ಜನ. ತನ್ನ ಜನರನ್ನು ಉಳಿಸಲು ಕೈ ಎಂಬ ಮುದಿ ನಾಯಕ ದೋಣಿ ಸಮೇತ ಇಲ್ಲಿ ಧುಮುಕಿದನಂತೆ. ಇನ್ನೊಂದು ಕತೆಯೂ ಇದೆ. ಬೇಡವಾದ ಮುದುಕನನ್ನು ಮನೆಯವರೇ ದೋಣಿಯಲ್ಲಿ ಕೂರಿಸಿ ತಳ್ಳಿದರಂತೆ. ಯಾವುದು ನಿಜ ಇರಬಹುದು, ನೀವೇ ಹೇಳಿ!

ಈ ಕಾಡಿನ ಜನರ ಊಟ ಮರಗೆಣಸು. ನಾವೂ ಬೇಯಿಸಿ ತಿಂತೀವಲ್ಲ, ಅದೇ. ಆದರೆ ಅಲ್ಲಿ ಕಹಿ ಜಾತಿಯೂ ಬೆಳೆಯುತ್ತದೆ. ಅದರಲ್ಲಿ ವಿಷ ಹೆಚ್ಚು. ಹಾಗೇ ತಿಂದರೆ ಸಾವೇ ಬರಬಹುದು. ಹೆಂಗಸರು ಏನು ಮಾಡ್ತಾರೆ ಗೊತ್ತೇ? ಗೆಣಸು ಸುಲಿದು ತುರಿಯುತ್ತಾರೆ. ಮಟಾಪಿ ಎಂಬ ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ ತೊಲೆಗೆ ನೇತು ಹಾಕುತ್ತಾರೆ. ಚೀಲದ ಕೆಳಗಿನ ಕುಣಿಕೆಗೆ ಒಂದು ಗಳ ತೂರಿಸಿ, ಅದರ ಮೇಲೆ ಕೂರುತ್ತಾರೆ. ಚೀಲ ಜಗ್ಗಿದಷ್ಟೂ ಸಣ್ಣಗಾಗುತ್ತದೆ. ವಿಷದ ರಸ ಸೋರಿ ಹೋಗುತ್ತದೆ. ಉಳಿದ ಹಿಟ್ಟನ್ನು ಜರಡಿ ಹಿಡಿದು, ದೊಡ್ಡ ಹೆಂಚಿನ ಮೇಲೆ ರೊಟ್ಟಿ ಮಾಡಿ, ಬಿಸಿಲಿಗೆ ಒಣಗಿಸುತ್ತಾರೆ. ಸೋರಿದ ರಸವನ್ನೂ ಬಿಸಾಕುವುದಿಲ್ಲ. ಬಹಳ ಹೊತ್ತು ಕುದಿಸಿದರೆ ವಿಷ ಹೋಗಿ ಕಪ್ಪು ಪಾಕವಾಗುತ್ತದೆ. ಅದು ಸಾರಿಗೆ. ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ತಾಯಿ ಮಗಳಿಗೆ ಕಲಿಸಿದ್ದು.

ಈಗ ದೋಣಿಯಲ್ಲಿ ಕೊರಂಟೈನ್ ಹೊಳೆ ದಾಟೋಣ. ಆಚೆ ದಡವೇ ಸುರಿನಾಮ್. ಎರಡೂ ದಡದಲ್ಲಿ ರೊಟ್ಟಿ, ಬೇಳೆ ಮಾಡುವ ಹೆಂಗಸರಿದ್ದಾರೆ. ಅವರ ಹಿರಿಯರು ನಮ್ಮ ದೇಶದವರೇ. ಕಬ್ಬಿನ ತೋಟದ ಕೂಲಿಗೆ 1838ರಲ್ಲಿ ಗಯಾನಾಕ್ಕೆ, 1873ರಲ್ಲಿ ಸುರಿನಾಮಿಗೆ ಮೊದಲ ಹಡಗುಗಳು ಹೋದವು. ಸುರಿನಾಮ್ ಅಂದರೆ ಶ್ರೀರಾಮನ ದೇಶ ಅಂತ ದಲ್ಲಾಳಿಗಳು ನಂಬಿಸಿದರಂತೆ. ಕರಾರು ಓದಲು ಬಾರದವರೇ ಹೆಚ್ಚು. ಯಾರನ್ನು ಕೇಳಬೇಕು?

ಸುರಿನಾಮಿನ ಒಳಕಾಡಿನಲ್ಲಿ ಮರೂನ್ ಜನರಿದ್ದಾರೆ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ. ಓಡಿಹೋಗುವಾಗ ಹೆಂಗಸರು ಜಡೆಯೊಳಗೆ ಬತ್ತದ ಕಾಳು ಬಚ್ಚಿಟ್ಟುಕೊಂಡಿದ್ದರು ಅಂತ ಅವರ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ.

ಮುಂದೆ ಮರೋನಿ ಹೊಳೆ. ದಾಟಿದರೆ ಫ್ರೆಂಚ್ ಗಯಾನಾ. ಇದು ಇಂದಿಗೂ ಫ್ರಾನ್ಸ್ ದೇಶದ ಭಾಗ. ಇಲ್ಲಿಯ ಕೂರೂ ಎಂಬ ಊರಿನಿಂದಲೇ ನಮ್ಮ ದೇಶದ ಹಲವು ಉಪಗ್ರಹಗಳು ಹಾರಿದವು. ಹಾರಿದ ಮೇಲೆ ಅವನ್ನು ನೋಡಿಕೊಂಡದ್ದು ನಮ್ಮ ಹಾಸನದವರು!

ಮರೋನಿಯ ಮೇಲ್ಭಾಗದಲ್ಲಿ ವಯಾನಾ ಎಂಬ ಮೂಲನಿವಾಸಿಗಳಿದ್ದಾರೆ. ಇವರಿಗೂ ಮರಗೆಣಸೇ ಊಟ, ಜೊತೆಗೆ ಹೊಳೆ ಮೀನು. ಅಲ್ಲಿ ಕಳ್ಳತನದಿಂದ ಚಿನ್ನ ಅಗೆಯುವವರು ಮಣ್ಣಿಗೆ ಪಾದರಸ ಬೆರೆಸಿ ಚಿನ್ನ ತೆಗೆಯುತ್ತಾರೆ. 2006ರಿಂದ ಫ್ರೆಂಚ್ ಗಯಾನಾದಲ್ಲಿ ಚಿನ್ನಕ್ಕೆ ಪಾದರಸ ಬಳಸುವಂತಿಲ್ಲ. ಆದರೂ ನಿಂತಿಲ್ಲ. ಪಾದರಸ ಹೊಳೆಗೆ, ಹೊಳೆಯಿಂದ ಮೀನಿಗೆ, ಮೀನಿನಿಂದ ತಾಯಿಗೆ, ತಾಯಿಯಿಂದ ಹೊಟ್ಟೆಯ ಕೂಸಿಗೆ ಸೇರುತ್ತದೆ. ಕೂಸಿನ ಮಿದುಳಿಗೆ ಪೆಟ್ಟು. ಬೇರೆ ಮೀನನ್ನು ತಿಂದು ಬೆಳೆಯುವ ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ. ಬಸುರಿಯರು ಅದನ್ನು ತಿನ್ನಬಾರದು ಅಂತ ಆರೋಗ್ಯದವರು ಹೇಳುತ್ತಾರೆ.

ಗೆಣಸಿನ ವಿಷ ಹಿಂಡಿ ಬೇಯಿಸಿದರೆ ಹೋಗುತ್ತದೆ. ಮೀನಿನ ಪಾದರಸ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಹೊಳೆಯ ದಡದ ಮನೆ. ಮೀನು ಬಿಟ್ಟರೆ ರೊಟ್ಟಿಗೆ ನೆಂಚಿಕೊಳ್ಳಲು ಆ ತಾಯಿ ಏನು ಬಡಿಸಬೇಕು?