ಮಾನ ಮತ್ತು ಮಾನ್ಯತೆ

‘ಮಾನ’ ಎಂಬ ಶಬ್ದಕ್ಕೆ ಅಳತೆಯೆಂಬ ಅರ್ಥವೂ ಉಂಟು, ಗೌರವವೆಂಬ ಅರ್ಥವೂ ಉಂಟು. ಎರಡಕ್ಕೂ ಧಾತು ಬೇರೆಯೆಂದು ವೈಯಾಕರಣರು ಹೇಳುತ್ತಾರೆ. ಆದರೆ ದಂತವೈದ್ಯ ಕಾಲೇಜುಗಳ ‘ಮಾನ್ಯತೆ’ಯ ವಿಚಾರದಲ್ಲಿ ಇವೆರಡೂ ಕಲಸಿಹೋಗಿವೆ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ಶ್ರೋತೃಗಳು ಕೇಳಬಹುದು.

ನನ್ನ ದವಡೆಹಲ್ಲನ್ನು ನೋವಿಲ್ಲದೆ ಕಿತ್ತವಳು ನನ್ನ ಹಳೆಯ ಶಿಷ್ಯೆಯೊಬ್ಬಳ ಮಗಳು. ಬೆಂಗಳೂರಿನಲ್ಲಿ ಓದಿ, ಎಂಟು ವರ್ಷ ವೃತ್ತಿ ನಡೆಸಿ, ಮದುವೆಯಾಗಿ ಕ್ಯಾಲಿಫೋರ್ನಿಯಕ್ಕೆ ಹೋದಳು. ಅಲ್ಲಿ ಆಕೆ ವೈದ್ಯೆಯಾಗಿ ಒಂದು ಹಲ್ಲನ್ನೂ ಮುಟ್ಟುವಂತಿಲ್ಲ; ಓದಿದ ಕಾಲೇಜಿಗೆ ಅಲ್ಲಿನ ಮಾನ್ಯತೆಯಿಲ್ಲ. ವಿಶ್ವವಿದ್ಯಾನಿಲಯವೊಂದನ್ನು ಸೇರಿ ಎರಡು ಮೂರು ವರ್ಷ ಮತ್ತೆ ವಿದ್ಯಾರ್ಥಿನಿಯಾಗಬೇಕು. ಅದರ ಶುಲ್ಕವೋ, ಸಾಲವಿಲ್ಲದೆ ತೆರುವಂಥದಲ್ಲ. “ಮೇಷ್ಟ್ರೇ, ನನ್ನ ಕೈಯನ್ನು ಯಾರೂ ನೋಡಲೇ ಇಲ್ಲ” ಎಂದಳು ಫೋನಿನಲ್ಲಿ.

ಕೈಯನ್ನು ನೋಡುತ್ತಿದ್ದ ಕಾಲವೂ ಅಲ್ಲಿತ್ತು. ಹೊರದೇಶದಲ್ಲಿ ಕಲಿತವರು ಹಲ್ಲು ದುರಸ್ತಿ ಮಾಡಿ ತೋರಿಸುವ ಪರೀಕ್ಷೆಯೊಂದನ್ನು ಆ ಸಂಸ್ಥಾನದ ದಂತವೈದ್ಯ ಮಂಡಳಿಯೇ ನಡೆಸುತ್ತಿತ್ತು. 1997ರ ಶಾಸನ, ಪರದೇಶದ ಕಾಲೇಜುಗಳನ್ನೇ ಪರಿಶೀಲಿಸಿ ಒಪ್ಪುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿತು. ಕೈಯ ಪರೀಕ್ಷೆ 2008ರ ಕೊನೆಗೆ ನಿಂತಿತು. ಮಂಡಳಿಯ ಒಪ್ಪಿಗೆ ದೊರೆತದ್ದು ಮೆಕ್ಸಿಕೋದ ಲಿಯೋನ್ ನಗರದ ದೆ ಲಾ ಸಾಲ್ ವಿಶ್ವವಿದ್ಯಾನಿಲಯದಂಥ ಬೆರಳೆಣಿಕೆಯ ಕಡೆಗೆ. 2019ರ ಕಾನೂನು ಆ ಕೆಲಸವನ್ನೂ ಮಂಡಳಿಯಿಂದ ತೆಗೆದು, 1975ರಲ್ಲಿ ಹುಟ್ಟಿದ ಅಮೆರಿಕದ ದಂತವಿದ್ಯಾ ಮಾನ್ಯತಾ ಆಯೋಗಕ್ಕೆ ಒಪ್ಪಿಸಿತು. ಹಿಂದೆ ಒಪ್ಪಿಗೆ ಪಡೆದಿದ್ದವರೂ 2024ರ ಜನವರಿಯ ವೇಳೆಗೆ ಆಯೋಗದ ಮಾನ್ಯತೆ ಗಳಿಸಬೇಕೆಂದು ವಿಧಿಸಿತು.

ಕಾಲೇಜಿನ ಅಳತೆಯೇ ಬೇಡವೆಂದು ನಾನು ಹೇಳಲಾರೆ. 1840ರಲ್ಲಿ ಬಾಲ್ಟಿಮೋರಿನಲ್ಲಿ ಮೊದಲ ದಂತವೈದ್ಯ ಕಾಲೇಜು ತೆರೆಯುವ ಮುನ್ನ ಹಲ್ಲು ಕೀಳುವುದು ಕ್ಷೌರಿಕರ ಕಸುಬೂ ಆಗಿತ್ತು; ಈ ವೃತ್ತಿಗೆ ಗೌರವ ತಂದುಕೊಟ್ಟದ್ದು ವಿದ್ಯಾಲಯವೇ. ಒಂದು ದಿನದ ಪರೀಕ್ಷೆಯಲ್ಲಿ ಕೈಚಳಕ ಕಂಡೀತು. ನಾಲ್ಕು ವರ್ಷ ರೋಗಿಯ ಬಳಿ ನಿಂತು ಕಲಿತ ವಿವೇಕ ಕಾಣಲಾರದು. ಹೊರಗೆ ಕಲಿತು ಬಂದ ನಮ್ಮ ಮಕ್ಕಳಿಗೆ ನಾವೂ ಪರೀಕ್ಷೆ ಇಟ್ಟಿದ್ದೇವೆ.

ನನ್ನ ತಕರಾರು ಬೇರೆ. ಆಯೋಗದ ಪರಿಶೀಲನೆಗೆ ಹಣ ತೆರಬೇಕಾದುದು ಕಾಲೇಜು. ಅದು ಹಂತಹಂತವಾಗಿ ವರ್ಷಗಟ್ಟಲೆ ನಡೆಯುವ ಕೆಲಸ. ಚೆನ್ನಾಗಿ ಕಲಿಸಿಯೂ ಅಷ್ಟು ವೆಚ್ಚ ಭರಿಸಲಾರದ, ಅಥವಾ ಅದರ ಗೊಡವೆ ಬೇಡವೆನ್ನುವ ವಿದ್ಯಾಲಯ ಹೊರಗೇ ಉಳಿಯುತ್ತದೆ. ಅದರೊಡನೆ ಅಲ್ಲಿ ಕಲಿತವರೂ ಉಳಿಯುತ್ತಾರೆ. ಅಳೆಯದೆ ಬಿಟ್ಟದ್ದನ್ನು ಅಳತೆಗೆ ಕಡಿಮೆಯೆಂದು ತಿಳಿಯುವುದು ಯಾವ ನ್ಯಾಯ?

ಆ ಹುಡುಗಿ ಈಗ ಅಲ್ಲಿ ವೈದ್ಯರೊಬ್ಬರ ಸಹಾಯಕಿ. ಅವರು ಕೊರೆಯುವಾಗ ರೋಗಿಯ ಬಾಯಿಯ ನೀರು ಹೀರುವ ನಳಿಕೆಯನ್ನು ಹಿಡಿದು ನಿಲ್ಲುತ್ತಾಳೆ. ಬರುವ ತಿಂಗಳು ವಿಶ್ವವಿದ್ಯಾನಿಲಯದಲ್ಲಿ ಪ್ರವೇಶದ ಸಂದರ್ಶನವಂತೆ.