ಕೆಂಪು ಪುಡಿಯ ಅಂಗಳ

ಮಾಲೂರಿನವರನ್ನು ಒಡೆದ ಹೆಂಚಿನ ಬೆಲೆ ಎಷ್ಟೆಂದು ಕೇಳಿದರೆ ನಕ್ಕುಬಿಟ್ಟಾರು. ಅದು ರಸ್ತೆಯ ಗುಂಡಿ ತುಂಬುವುದಕ್ಕೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಹಳೆಯ ಮನೆಗಳಲ್ಲಿ ಇಟ್ಟಿಗೆ ಪುಡಿಗೆ ಇನ್ನೊಂದು ಉಪಯೋಗವೂ ಇತ್ತು: ಹಬ್ಬದ ಮುನ್ನಾದಿನ ಹಿತ್ತಾಳೆಯ ದೀಪದ ಕಂಬ ಬೆಳಗುವುದು. ಶ್ರೋತೃಗಳೇ, ಇಂಥದೇ ಪುಡಿಯ ಮೇಲೆ ಪ್ಯಾರಿಸ್ಸಿನಲ್ಲಿ ಪ್ರಪಂಚದ ನಾಲ್ಕು ಹಿರಿಯ ಟೆನಿಸ್ ಪಂದ್ಯಾವಳಿಗಳಲ್ಲೊಂದು ನಡೆಯುತ್ತದೆ.

ಅದರ ಒಳಮನೆಯನ್ನು ತೋರಿಸುವ ಚಲನಚಿತ್ರವೊಂದುಂಟು. ಛಾಯಾಗ್ರಾಹಕ ವಿಲಿಯಂ ಕ್ಲೈನ್ ಅವರು 1981ರಲ್ಲಿ ರೋಲಾಂ ಗಾರೋಸ್ ಕ್ರೀಡಾಂಗಣಕ್ಕೆ ಕ್ಯಾಮೆರಾ ಹಿಡಿದು ಹೋದರು. 1982ರಲ್ಲಿ 'ದಿ ಫ್ರೆಂಚ್' ಎಂಬ ಹೆಸರಿನಲ್ಲಿ ಚಿತ್ರ ಹೊರಬಂತು. ಆಟಗಾರರು ಉಡುಪು ಬದಲಿಸುವ ಕೋಣೆ, ಗ್ಯಾಲರಿಯ ಜನ, ಇವುಗಳ ಮೇಲೆಲ್ಲ ಅವರ ಕಣ್ಣು. ಅಂಕವೆಷ್ಟೆಂದು ಮಾತ್ರ ಕೇಳುವವರಿಗೆ ಬೇಸರವಾದೀತು, ನನಗಾಗಲಿಲ್ಲ. ಆ ವರ್ಷ ಜೂನ್ 7ರಂದು ಬ್ಯೋರ್ನ್ ಬೋರ್ಗ್ ಐದು ಸೆಟ್ಟುಗಳಲ್ಲಿ ಇವಾನ್ ಲೆಂಡ್ಲ್ ಅವರನ್ನು ಸೋಲಿಸಿ ಅಲ್ಲಿ ಆರನೆಯ ಸಲ ಗೆದ್ದರು. ಹಿಂದಿನ ದಿನವಷ್ಟೇ ಅವರಿಗೆ 25 ತುಂಬಿತ್ತು. ಅಷ್ಟು ದೊಡ್ಡ ಗೆಲುವು ಮತ್ತೆ ಅವರ ಪಾಲಿಗೆ ಬರಲಿಲ್ಲ. ಅಂದು ಅದು ಅವರಿಗೂ ತಿಳಿಯದು, ಚಿತ್ರ ತೆಗೆದವರಿಗೂ ತಿಳಿಯದು. ನೋಡುವ ನಮಗೆ ತಿಳಿದಿರುವುದೇ ಕಷ್ಟ.

ಇನ್ನು ಆ ನೆಲದ ವಿಚಾರ. ಮೇಲಿನ ಕೆಂಪು ಪದರ ಒಂದೆರಡು ಮಿಲಿಮೀಟರ್ ಮಾತ್ರ. ಅದರಡಿಯಲ್ಲಿ ಪುಡಿಮಾಡಿದ ಸುಣ್ಣಕಲ್ಲು, ಅದರ ಕೆಳಗೆ ಕಲ್ಲಿದ್ದಲಿನ ಕಿಟ್ಟ, ಜಲ್ಲಿ, ದಪ್ಪ ಕಲ್ಲು. ತೇವ ಹಿಡಿದಿಡುವುದು ಸುಣ್ಣಕಲ್ಲಿನ ಕೆಲಸ. ನೀರು ಕಡಿಮೆಯಾದರೆ ಧೂಳು ಏಳುತ್ತದೆ, ಹೆಚ್ಚಾದರೆ ಚೆಂಡು ಭಾರವಾಗುತ್ತದೆ. ನಮ್ಮ ಹೆಂಗಸರು ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸುವ ಹದವೇ ಅಲ್ಲಿಯೂ ಬೇಕು. ಸೆಟ್ ಮುಗಿದೊಡನೆ ಕೆಲಸದವರು ಅಗಲವಾದ ಬಲೆ ಎಳೆದು ಹೆಜ್ಜೆಗುರುತು ಅಳಿಸುತ್ತಾರೆ, ಬಿಳಿಗೆರೆಗಳನ್ನು ಗುಡಿಸುತ್ತಾರೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬಾರದು. ಆದರೆ ಚೆಂಡು ಗೆರೆಯ ಒಳಗೋ ಹೊರಗೋ ಎಂಬ ತಕರಾರು ಬಂದಾಗ ತೀರ್ಪುಗಾರರು ಎತ್ತರದ ಕುರ್ಚಿಯಿಂದಿಳಿದು, ಬಗ್ಗಿ ನೋಡುವುದು ಪುಡಿಯ ಮೇಲಿನ ಗುರುತನ್ನು. 2025ರಲ್ಲಿಯೂ ಅಲ್ಲಿ ಹೀಗೆಯೇ ನಡೆಯಿತು. ಗುಡಿಸಿದವನ ಕೈ ತಪ್ಪಿದ್ದರೆ ಆ ಸಾಕ್ಷಿಯೂ ತಪ್ಪೀತು.

ಈ ಪುಡಿಯ ಹುಟ್ಟೂ ಸ್ವಾರಸ್ಯವಾದದ್ದೇ. 1880ರ ಸುಮಾರಿನಲ್ಲಿ ದಕ್ಷಿಣ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಬಿಸಿಲಿಗೆ ಹುಲ್ಲು ಒಣಗಿ, ರೆನ್ಷಾ ಎಂಬ ಇಂಗ್ಲಿಷ್ ಅವಳಿ ಸಹೋದರರು ಹತ್ತಿರದ ಕುಂಬಾರರ ಒಡಕು ಮಡಕೆಗಳನ್ನು ಕುಟ್ಟಿಸಿ ಅಂಗಳಕ್ಕೆ ಹರಡಿಸಿದರೆಂದು ಹೇಳುತ್ತಾರೆ.

ಆ ನೆಲದಲ್ಲಿ ನಮ್ಮವರೂ ಗೆದ್ದಿದ್ದಾರೆ. 2017ರ ಜೂನ್ 8ರಂದು ಕೊಡಗಿನ ರೋಹನ್ ಬೋಪಣ್ಣ ಕೆನಡಾದ ಗೇಬ್ರಿಯೆಲಾ ಡಾಬ್ರೋಸ್ಕಿ ಅವರ ಜೊತೆ ಮಿಶ್ರ ಡಬಲ್ಸ್ ಆಡಿ, ಮೊದಲ ಸೆಟ್ ಕಳೆದುಕೊಂಡರೂ ಕೊನೆಗೆ ಸೋಲಿನ ಬಾಯಿಂದ ಪಾರಾಗಿ ಗೆದ್ದರು. ಆಟ ಮುಗಿದಾಗ ಅವರ ಬೂಟು, ಕಾಲುಚೀಲಗಳೆಲ್ಲ ಕೆಂಪಾಗಿದ್ದಿರಬೇಕು, ಗೂಡಿನ ಕೆಲಸ ಮುಗಿಸಿ ಸಂಜೆ ಮಾಲೂರಿನಲ್ಲಿ ರೈಲು ಹತ್ತುವವರ ಕಾಲುಗಳ ಹಾಗೆ.